ಸಾಲು ಬಿಟ್ಟು ಕದಲದ ಜೀನೊ ಮಾರ್ಕೆಟ್ಟಿ

1942ರ ಫೆಬ್ರವರಿ. ಜಪಾನಿನ ವಿಮಾನಗಳು ಪರ್ಲ್ ಹಾರ್ಬರ್ ಮೇಲೆ ಬಾಂಬು ಸುರಿದು ಎರಡು ತಿಂಗಳು ದಾಟಿತ್ತು. ಮುಸೊಲಿನಿಯ ಇಟಲಿಯೂ ಅಮೆರಿಕದ ಮೇಲೆ ಯುದ್ಧ ಸಾರಿತ್ತು. ಕ್ಯಾಲಿಫೋರ್ನಿಯಾದ ಆಂಟಿಯೋಕ್ ಎಂಬ ನದಿ ದಂಡೆಯ ಸಣ್ಣ ಊರಿಗೆ ಆ ಯುದ್ಧ ಸರ್ಕಾರಿ ಆದೇಶವಾಗಿ ಬಂತು. ಪೌರತ್ವ ಪಡೆಯದ ಇಟಾಲಿಯನ್ನರು ಕರಾವಳಿ, ಬಂದರು, ಕಾರ್ಖಾನೆಗಳ ಆಸುಪಾಸಿನಲ್ಲಿ ವಾಸ ಮಾಡುವಂತಿಲ್ಲ, ಮನೆ ಖಾಲಿ ಮಾಡಿ ಒಳನಾಡಿಗೆ ಹೋಗಬೇಕು. ದೇಶದಲ್ಲಿ ಅಂಥವರು ಸುಮಾರು ಆರು ಲಕ್ಷ ಮಂದಿ ಇದ್ದರು. ದಶಕಗಳ ಕಾಲ ಅಲ್ಲೇ ದುಡಿದು, ಅಲ್ಲೇ ಮಕ್ಕಳನ್ನು ಹೆತ್ತಿದ್ದ ಜನ ರಾತ್ರಿ ಬೆಳಗಾಗುವುದರಲ್ಲಿ 'ಶತ್ರು ದೇಶದ ಪರಕೀಯರು' ಆಗಿಬಿಟ್ಟರು. ಮಾರ್ಕೆಟ್ಟಿಯವರ ಮನೆಯಲ್ಲಿ ತಾಯಿ ಪೌರತ್ವದ ಕಾಗದ ಮಾಡಿಸಿಕೊಂಡಿರಲಿಲ್ಲ. ಮನೆ ಬಿಡಬೇಕಾಯಿತು. ಮಗ ಜೀನೊಗೆ ಆಗ ಹದಿನಾರು ವರ್ಷ.

ಅದೇ ವರ್ಷ ಅಕ್ಟೋಬರ್ 12ರಂದು, ಕೊಲಂಬಸ್ ದಿನದ ಹೊತ್ತಿಗೆ, ಸರ್ಕಾರ ಇಟಾಲಿಯನ್ನರ ಮೇಲಿನ ಈ ಹಣೆಪಟ್ಟಿಯನ್ನು ತೆಗೆದುಹಾಕಿತು. ಜಪಾನೀ ಮೂಲದವರಿಗೆ ಆ ಭಾಗ್ಯ ಸಿಗಲಿಲ್ಲ, ಅವರಲ್ಲಿ ಬಹಳಷ್ಟು ಜನ ಯುದ್ಧ ಮುಗಿಯುವವರೆಗೂ ಮುಳ್ಳುತಂತಿಯ ಶಿಬಿರಗಳಲ್ಲೇ ಕೊಳೆತರು. ಆದರೂ ತನ್ನ ತಾಯಿಯನ್ನು ಯಾರೋ ಅಧಿಕಾರಿ ಶತ್ರು ಎಂದು ಬರೆದದ್ದನ್ನು ಹದಿನಾರರ ಹುಡುಗ ಮರೆಯುವುದು ಹೇಗೆ? ಅವನು ಮಾಡಿದ್ದು ನೋಡಿದರೆ ಆಶ್ಚರ್ಯವಾಗುತ್ತದೆ. ಹದಿನೆಂಟು ತುಂಬುತ್ತಲೇ ಓದು ಅರ್ಧಕ್ಕೆ ಬಿಟ್ಟು ಸೈನ್ಯಕ್ಕೆ ಸೇರಿದ. ತನ್ನ ತಾಯಿಯನ್ನು ನಂಬದ ದೇಶದ ಸಮವಸ್ತ್ರ ತೊಟ್ಟು, 69ನೇ ಪದಾತಿ ವಿಭಾಗದಲ್ಲಿ ಮೆಷಿನ್ ಗನ್ ಹಿಡಿದು ಯುರೋಪಿಗೆ ಹೋದ. 1945ರ ಚಳಿಗಾಲದಲ್ಲಿ ಆ ವಿಭಾಗ ಜರ್ಮನಿಯ ಗಡಿಕೋಟೆಗಳ ಸಾಲಾದ ಸೀಗ್‌ಫ್ರೀಡ್ ಲೈನ್ ಭೇದಿಸಿ ಒಳನುಗ್ಗಿತು. ಏಪ್ರಿಲ್ 25ರಂದು ಟಾರ್ಗೌ ಊರಿನ ಬಳಿ, ಎಲ್ಬ್ ನದಿಯ ಮೇಲೆ, ಪೂರ್ವದಿಂದ ಬಂದ ಸೋವಿಯತ್ ಸೈನಿಕರ ಕೈಕುಲುಕಿದ್ದೂ ಇದೇ ವಿಭಾಗದವರು. ಮುಂದೆ ಫುಟ್‌ಬಾಲ್ ಮೈದಾನದಲ್ಲಿ ಜೀನೊ ಮಾರ್ಕೆಟ್ಟಿಯ ಎದೆಗಾರಿಕೆಯನ್ನು ಕಂಡು ಬೆರಗಾದವರಲ್ಲಿ ಎಷ್ಟು ಜನಕ್ಕೆ ಈ ಚಳಿಗಾಲದ ಕಥೆ ಗೊತ್ತಿತ್ತೋ! ಇಪ್ಪತ್ತು ತುಂಬುವ ಮೊದಲೇ ಗುಂಡಿನ ಸದ್ದಿನಲ್ಲಿ ನಿದ್ದೆ ಮಾಡಿದ್ದವನಿಗೆ ಮೈದಾನದ ಗುದ್ದಾಟ ಎಷ್ಟರದು?

ಯುದ್ಧ ಮುಗಿಸಿ ಊರಿಗೆ ಬಂದವನು ಬಾರ್‌ನಲ್ಲಿ ಗ್ಲಾಸು ತುಂಬಿಸುತ್ತಾ, ಬಿಡುವಿನಲ್ಲಿ ಊರ ಹುಡುಗರೊಂದಿಗೆ ಫುಟ್‌ಬಾಲ್ ಆಡುತ್ತಾ ಕಾಲ ಕಳೆದ. ತಂದೆಗೆ ಈ ಆಟ ಕಂಡರಾಗದು. ಮಗನ ಕೈಕಾಲು ಮುರಿದೀತೆಂಬ ಭಯ. ಆರಡಿ ನಾಲ್ಕಂಗುಲದ ಮಗನಿಗೆ, ಬೇರೆ ಹುಡುಗರ ದಾರಿಗೆ ಅಡ್ಡ ಹೋಗಬೇಡ, ಅವರು ನಿನಗೆ ಪೆಟ್ಟು ಮಾಡಿಯಾರು ಎಂದು ಆ ತಂದೆ ಬುದ್ಧಿ ಹೇಳುತ್ತಿದ್ದರಂತೆ. ಯುದ್ಧದಿಂದ ಮರಳಿದ ಸೈನಿಕರ ಓದಿಗೆ ಸರ್ಕಾರವೇ ಹಣ ಕೊಡುತ್ತಿದ್ದ ಕಾಲ ಅದು. ಜೀನೊ ಮೊದಲು ಮೊಡೆಸ್ಟೊ ಜೂನಿಯರ್ ಕಾಲೇಜಿಗೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯಕ್ಕೆ ಹೋದ. ಜೆಸ್ಯೂಟ್ ಪಾದ್ರಿಗಳು ನಡೆಸುವ ಆ ಸಂಸ್ಥೆಗೆ ಇವನು ಬಂದಿಳಿದದ್ದು ಚರ್ಮದ ಜಾಕೆಟ್ ತೊಟ್ಟು, ಮೋಟಾರ್ ಸೈಕಲ್ ಮೇಲೆ. ಶಿಸ್ತಿನ ಕೋಚ್ ಜೋ ಕುಹಾರಿಚ್‌ಗೆ ಮೊದಲ ನೋಟದಲ್ಲೇ ಇವನು ಹಿಡಿಸಲಿಲ್ಲ. ಅಭ್ಯಾಸದ ಮೈದಾನಕ್ಕೆ ಇಳಿದ ಮೇಲೆ ಜಾಕೆಟ್ ಬಗ್ಗೆ ಯಾರೂ ಮಾತಾಡಲಿಲ್ಲ.

1951ರ ಆ ಕಾಲೇಜು ತಂಡದ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ನನ್ನ ಮಟ್ಟಿಗೆ ಮಾರ್ಕೆಟ್ಟಿಯ ಬದುಕಿನ ಅತಿ ದೊಡ್ಡ ಆಟ ಇರುವುದು ಇಲ್ಲೇ, ಅದೂ ಆಡದೇ ಬಿಟ್ಟ ಒಂದು ಆಟದಲ್ಲಿ.

ತಂಡ ಆಡಿದ್ದು ಒಂಬತ್ತು ಪಂದ್ಯ, ಗೆದ್ದದ್ದು ಒಂಬತ್ತು. ಓಲಿ ಮ್ಯಾಟ್ಸನ್ ಎಂಬ ಕಪ್ಪು ಯುವಕ ಚೆಂಡು ಹಿಡಿದು ಓಡತೊಡಗಿದರೆ ಹಿಡಿಯುವವರಿಲ್ಲ. ಆ ವರ್ಷ 1,566 ಗಜ ಓಡಿ ದೇಶದ ಕಾಲೇಜು ಆಟಗಾರರಲ್ಲೆಲ್ಲ ಮೊದಲಿಗನಾದ, ಚೆಂಡಿನೊಡನೆ ಗೋಲಿನ ಗೆರೆ ದಾಟಿ 21 ಟಚ್‌ಡೌನ್ ಗಳಿಸಿದ. ಅದಾದ ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದವನೂ ಅವನೇ. ಇನ್ನೊಬ್ಬ ಕಪ್ಪು ಆಟಗಾರ ಬರ್ಲ್ ಟೋಲರ್, ರಕ್ಷಣೆಯ ಸಾಲಿನ ಹಿಂದೆ ನಿಂತು ಎದುರಾಳಿಯನ್ನು ಕೆಡವುವುದರಲ್ಲಿ ನಿಸ್ಸೀಮ. ಸಾಲಿನಲ್ಲಿ ಮಾರ್ಕೆಟ್ಟಿ, ಅವನ ಜೊತೆ ಆರಡಿ ಒಂಬತ್ತಂಗುಲದ ಬಾಬ್ ಸೇಂಟ್ ಕ್ಲೇರ್. ತಂಡದ ಸುದ್ದಿಯನ್ನು ಪತ್ರಿಕೆಗಳಿಗೆ ಮುಟ್ಟಿಸುವ ಕೆಲಸ ಪೀಟ್ ರೊಝೆಲ್ ಎಂಬ ಹುಡುಗನದು. ನವೆಂಬರ್‌ನಲ್ಲಿ ಪ್ಯಾಸಡೀನಾದ ರೋಸ್ ಬೋಲ್ ಕ್ರೀಡಾಂಗಣದಲ್ಲಿ ಲೊಯೋಲಾ ತಂಡವನ್ನು 20-2ರಿಂದ ಸೋಲಿಸಿ ಋತು ಮುಗಿಸಿದಾಗ ಇಂಥ ತಂಡಕ್ಕೆ ಹೊಸ ವರ್ಷದ ದೊಡ್ಡ ಪಂದ್ಯಗಳಲ್ಲಿ ಯಾವುದಾದರೊಂದರ ಕರೆ ಬರಲೇಬೇಕಿತ್ತು.

ಕರೆ ಬಂತು, ಜೊತೆಗೆ ಷರತ್ತೂ ಬಂತು. ಮಯಾಮಿಯ ಆರೆಂಜ್ ಬೋಲ್ ಪಂದ್ಯಕ್ಕೆ ಬರಬಹುದು, ಆದರೆ ಮ್ಯಾಟ್ಸನ್ ಮತ್ತು ಟೋಲರ್ ಬರಕೂಡದು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ನಲ್ಲಿ, ಬೇರೆ ಬಾಗಿಲು ಇದ್ದ ದಿನಗಳವು. ಬಿಳಿಯರ ಜೊತೆ ಒಂದೇ ಮೈದಾನದಲ್ಲಿ ಅವರು ಆಡುವುದನ್ನು ಪಂದ್ಯದ ಸಂಘಟಕರು ಒಪ್ಪಲಿಲ್ಲ. ಕೋಚ್ ವಿಷಯವನ್ನು ಹುಡುಗರ ಮುಂದಿಟ್ಟ. ಅವರಲ್ಲಿ ಚರ್ಚೆಯಾಗಲಿಲ್ಲ, ಮತಕ್ಕೆ ಹಾಕುವ ಮಾತೂ ಬರಲಿಲ್ಲ. ಅವರಿಬ್ಬರಿಲ್ಲದೆ ನಾವೂ ಇಲ್ಲ ಎಂದು ಇಡೀ ತಂಡ ಒಂದೇ ಉಸಿರಿಗೆ ಹೇಳಿತು. ಮಾರ್ಕೆಟ್ಟಿ ಆ ಗುಂಪಿನಲ್ಲಿ ವಯಸ್ಸಿನಲ್ಲಿ ದೊಡ್ಡವನು, ಯುದ್ಧ ಕಂಡವನು. ಹುಟ್ಟಿನ ಕಾರಣಕ್ಕೆ ಒಬ್ಬರನ್ನು ಊರಿಂದಾಚೆ ಕಳಿಸುವುದೆಂದರೆ ಏನೆಂದು ಅವನಿಗೆ ಪುಸ್ತಕ ಓದಿ ತಿಳಿಯಬೇಕಿರಲಿಲ್ಲ.

ಬೇಡ ಅಂದದ್ದಕ್ಕೆ ಬೆಲೆಯನ್ನೂ ತೆತ್ತರು. ವಿಶ್ವವಿದ್ಯಾಲಯದ ಫುಟ್‌ಬಾಲ್ ಖಾತೆ ಸಾಲದಲ್ಲಿತ್ತು. ಮಯಾಮಿಯಿಂದ ಬರಬಹುದಾಗಿದ್ದ ಹಣ ಅದನ್ನು ಉಳಿಸುತ್ತಿತ್ತೇನೋ. ಹಣ ಬರಲಿಲ್ಲ, ಋತು ಮುಗಿದ ಕೂಡಲೇ ತಂಡವನ್ನೇ ಮುಚ್ಚಿದರು. 1952ರ ಜನವರಿ 1ರಂದು ಆರೆಂಜ್ ಬೋಲ್‌ನಲ್ಲಿ ಜಾರ್ಜಿಯಾ ಟೆಕ್ ಮತ್ತು ಬೇಲರ್ ತಂಡಗಳು ಆಡಿದವು. ಸ್ಯಾನ್ ಫ್ರಾನ್ಸಿಸ್ಕೊದ ಹುಡುಗರು ಮನೆಯಲ್ಲಿದ್ದರು. ನಾಗರಿಕ ಹಕ್ಕುಗಳ ಹೋರಾಟ ಇನ್ನೂ ದೇಶದ ಮುಖಪುಟಕ್ಕೆ ಬಂದಿರಲಿಲ್ಲ. ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಿಳಿಯರಿಗಾಗಿ ಬಸ್ಸಿನ ಸೀಟು ಬಿಡಲೊಲ್ಲೆ ಎಂದದ್ದು ಇದಾಗಿ ನಾಲ್ಕು ವರ್ಷಗಳ ಮೇಲೆ. ಫೋಟೊಗ್ರಾಫರುಗಳಿಲ್ಲದ, ಭಾಷಣಗಳಿಲ್ಲದ ಇಂಥ ನಿರಾಕರಣೆಗಳನ್ನು ಚರಿತ್ರೆ ಬಹಳ ತಡವಾಗಿ ಗುರುತಿಸುತ್ತದೆ. ಆ ಹುಡುಗರಿಗೆ ಅದು ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ.

ಈ ಆಟದ ಬಗ್ಗೆ ಒಂದೆರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ದುಂಡಗಿಲ್ಲ, ಎರಡು ತುದಿಯೂ ಚೂಪು. ಚೆಂಡು ಇರುವ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಇನ್ನೂ ನಾಲ್ಕು ಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಪ್ರತಿ ಯತ್ನದಲ್ಲೂ ಚೆಂಡು ಮೊದಲು ಹೋಗುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನ ಮುಂದೆ ಐದು ದೈತ್ಯರ ಗೋಡೆ. ಆ ಗೋಡೆಯನ್ನು ಒಡೆದು ಅವನನ್ನು ನೆಲಕ್ಕೆ ಕೆಡವಬೇಕಾದವರು ರಕ್ಷಣೆಯ ಮುಂಚೂಣಿಯ ನಾಲ್ವರು. ನಡುವಿನ ಇಬ್ಬರು ಟ್ಯಾಕಲ್‌ಗಳು, ತುದಿಯ ಇಬ್ಬರು ಡಿಫೆನ್ಸಿವ್ ಎಂಡ್‌ಗಳು. ಕಬಡ್ಡಿಯಲ್ಲಿ ಮೂಲೆಯ ಆಟಗಾರ ರೈಡರ್‌ನ ಕಾಲಿಗಾಗಿ ಹೊಂಚು ಹಾಕುವಂತೆ ಈ ತುದಿಯವನು ಬದಿಯಿಂದ ಸುತ್ತಿ ಬಂದು ಎರಗುತ್ತಾನೆ. ಟಿಕೆಟ್ ಕೊಂಡು ಬಂದವರ ಕಣ್ಣು ಚೆಂಡಿನ ಮೇಲಿರುತ್ತದೆ, ಇವನ ಮೇಲಲ್ಲ. ಇವನು ಎಷ್ಟು ಸಲ ಕ್ವಾರ್ಟರ್‌ಬ್ಯಾಕನ್ನು ಕೆಡವಿದ ಎಂಬುದನ್ನು 1982ರವರೆಗೆ ವೃತ್ತಿಪರ ತಂಡಗಳ ಲೀಗ್ ಅಧಿಕೃತವಾಗಿ ಎಣಿಸುತ್ತಲೂ ಇರಲಿಲ್ಲ. ಹಾಗಾಗಿ ಮಾರ್ಕೆಟ್ಟಿಯ ಹೆಸರಿನ ಮುಂದೆ ಇಡಬೇಕಾದ ಅತಿ ಮುಖ್ಯ ಸಂಖ್ಯೆ ಅಧಿಕೃತ ದಾಖಲೆಯಲ್ಲೇ ಇಲ್ಲ.

ಆ ಕಾಲದ ಸಾಲಿನ ಆಟಗಾರರು ಭುಜ ಕೊಟ್ಟು ಗೂಳಿಗಳಂತೆ ತಳ್ಳಾಡುತ್ತಿದ್ದರು. ಯಾರ ತೂಕ ಹೆಚ್ಚೋ ಅವರು ಗೆದ್ದರು. ಸುಮಾರು 110 ಕಿಲೊ ತೂಗುತ್ತಿದ್ದ ಮಾರ್ಕೆಟ್ಟಿ ಇದನ್ನು ಕೈಗಳ ಆಟವಾಗಿ ಬದಲಿಸಿದ. ಚೆಂಡು ಅಲುಗಿದ ಕ್ಷಣದಲ್ಲೇ ಮೊದಲ ಹೆಜ್ಜೆ ಇಡುತ್ತಿದ್ದ. ಎದುರಿನವನು ಮೈಮೇಲೆ ಬೀಳುವ ಮೊದಲೇ ಅವನ ಅಂಗಿಯನ್ನೋ ಭುಜವನ್ನೋ ಹಿಡಿದು ಒಂದು ಕಡೆಗೆ ಎಳೆದು, ಅವನ ತೂಕವನ್ನೇ ಅವನ ಮೇಲೆ ತಿರುಗಿಸಿ, ಖಾಲಿಯಾದ ಜಾಗದಲ್ಲಿ ನುಸುಳುತ್ತಿದ್ದ. ಮುಂದಿನ ಸಲ ಅದೇ ಎಳೆತ ಬರುತ್ತದೆಂದು ಎದುರಾಳಿ ಕಾಲು ಊರಿ ನಿಂತರೆ ಇವನು ಹೊರಗಿನಿಂದ ಸುತ್ತಿ ಹೋಗಿರುತ್ತಿದ್ದ. ಇಂದು ಕ್ವಾರ್ಟರ್‌ಬ್ಯಾಕನ್ನು ಬೆನ್ನಟ್ಟುವ ಪ್ರತಿಯೊಬ್ಬ ಎಂಡ್ ಕಲಿಯುವ ಪಾಠದ ದೊಡ್ಡ ಪಾಲು ಈ ಮನುಷ್ಯನ ಕೈಗಳಿಂದ ಬಂದದ್ದು.

ವೃತ್ತಿಪರ ಆಟಕ್ಕೆ ಅವನ ಪ್ರವೇಶ ಮಾತ್ರ ಶೋಚನೀಯವಾಗಿತ್ತು. 1952ರಲ್ಲಿ ಅವನನ್ನು ಆರಿಸಿಕೊಂಡ ನ್ಯೂಯಾರ್ಕ್ ಯಾಂಕ್ಸ್ ತಂಡ ಅವನು ಸೇರುವ ಮೊದಲೇ ಡಲ್ಲಾಸ್‌ಗೆ ಮಾರಾಟವಾಗಿ ಟೆಕ್ಸನ್ಸ್ ಎಂಬ ಹೆಸರು ಪಡೆಯಿತು. ಡಲ್ಲಾಸ್‌ನ ಜನ ಕಾಟನ್ ಬೋಲ್ ಕ್ರೀಡಾಂಗಣದತ್ತ ತಲೆ ಹಾಕಲಿಲ್ಲ. ಋತುವಿನ ನಡುವೆಯೇ ಮಾಲೀಕರು ದಿವಾಳಿಯಾಗಿ ತಂಡವನ್ನು ಲೀಗ್‌ಗೆ ಒಪ್ಪಿಸಿ ಕೈತೊಳೆದುಕೊಂಡರು. ಉಳಿದ ಪಂದ್ಯಗಳಿಗೆ ತಂಡಕ್ಕೆ ಸ್ವಂತ ಊರೇ ಇರಲಿಲ್ಲ, ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಬೀಡುಬಿಟ್ಟು ಅಲ್ಲಿಂದ ಓಡಾಡಿದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಒಹಾಯೊದ ಆಕ್ರನ್‌ನಲ್ಲಿ ಬಲಾಢ್ಯ ಶಿಕಾಗೊ ಬೇರ್ಸ್ ವಿರುದ್ಧ ಪಂದ್ಯ. ಬಂದವರು ಸುಮಾರು ಮೂರು ಸಾವಿರ ಜನ. ಅಷ್ಟು ಕಡಿಮೆ ಜನ ನೋಡಿ ಕೋಚ್ ಜಿಮ್ಮಿ ಫೆಲನ್, ಮೈಕಿನಲ್ಲಿ ಹೆಸರು ಕೂಗಿಸುವ ಬದಲು ನೀವೇ ಗ್ಯಾಲರಿಗೆ ಹೋಗಿ ಒಬ್ಬೊಬ್ಬರ ಕೈಕುಲುಕಿ ಬನ್ನಿ ಎಂದನಂತೆ. ಆ ದಿನ ಅವರು 27-23ರಿಂದ ಗೆದ್ದರು. ಇಡೀ ಋತುವಿನ ಹನ್ನೆರಡು ಪಂದ್ಯಗಳಲ್ಲಿ ಅದೊಂದೇ ಗೆಲುವು.

ಆ ತಂಡದ ಅವಶೇಷವೇ 1953ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ಆಯಿತು. ಬಾಲ್ಟಿಮೋರ್ ಬಂದರಿನ ಊರು, ಉಕ್ಕಿನ ಊರು. ಸ್ಪ್ಯಾರೋಸ್ ಪಾಯಿಂಟ್‌ನಲ್ಲಿದ್ದ ಬೆತ್‌ಲೆಹೆಮ್ ಸ್ಟೀಲ್ ಕಾರ್ಖಾನೆಯ ಕುಲುಮೆಗಳ ಮುಂದೆ ಸಾವಿರಾರು ಜನ ಪಾಳಿಯಲ್ಲಿ ದುಡಿಯುತ್ತಿದ್ದರು. ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ನಡುವೆ ಸಿಕ್ಕಿಕೊಂಡು, ಎರಡರಿಂದಲೂ ಉಪೇಕ್ಷೆ ಅನುಭವಿಸಿದ್ದ ಆ ಊರು ಈ ತಂಡವನ್ನು ಎದೆಗೆ ಅವಚಿಕೊಂಡಿತು. ಆಟಗಾರರಿಗೂ ಕಾರ್ಖಾನೆಯ ಕೆಲಸಗಾರರಿಗೂ ಸಂಬಳದಲ್ಲಾಗಲಿ ಬದುಕಿನಲ್ಲಾಗಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಋತು ಮುಗಿದ ಮೇಲೆ ಆಟಗಾರರು ಬೇರೆ ಕೆಲಸ ಹುಡುಕಿಕೊಳ್ಳುತ್ತಿದ್ದರು.

ಕೋಚ್ ವೀಬ್ ಯೂಬ್ಯಾಂಕ್ ಒಬ್ಬೊಬ್ಬರನ್ನಾಗಿ ಕಟ್ಟಿದ. ಪಿಟ್ಸ್‌ಬರ್ಗ್ ತಂಡ ಬೇಡವೆಂದು ಕಳಿಸಿದ್ದ, ಪಂದ್ಯಕ್ಕೆ ಆರು ಡಾಲರಿನಂತೆ ಸ್ಥಳೀಯ ತಂಡದಲ್ಲಿ ಆಡುತ್ತಿದ್ದ ಜಾನಿ ಯುನೈಟಸ್ 1956ರಲ್ಲಿ ಬಂದು ಕ್ವಾರ್ಟರ್‌ಬ್ಯಾಕ್ ಆದ. ರಕ್ಷಣೆಯ ಸಾಲಿನಲ್ಲಿ ಮಾರ್ಕೆಟ್ಟಿ ಎಡ ತುದಿ. ಪಕ್ಕದಲ್ಲಿ ಮೆರೀನ್ ಪಡೆಯಲ್ಲಿ ಯುದ್ಧ ಮಾಡಿ ಬಂದಿದ್ದ ಆರ್ಟ್ ಡೊನವನ್, 'ಬಿಗ್ ಡ್ಯಾಡಿ' ಎಂದೇ ಹೆಸರಾದ ಯೂಜೀನ್ ಲಿಪ್ಸ್‌ಕೂಂಬ್. ಆರಡಿ ಆರಂಗುಲದ ಲಿಪ್ಸ್‌ಕೂಂಬ್ ಕಾಲೇಜು ಮೆಟ್ಟಿಲು ಹತ್ತದೆಯೇ ವೃತ್ತಿಪರ ಮೈದಾನಕ್ಕೆ ಬಂದವನು, ತೂಕ ಸುಮಾರು 130 ಕಿಲೊ. ಮೈದಾನದಲ್ಲಿ ಇವರೆಲ್ಲ ಒಂದೇ ದೇಹದಂತೆ ಆಡಿದರು. ಮೈದಾನದ ಹೊರಗೆ ಬಾಲ್ಟಿಮೋರ್ ದಕ್ಷಿಣದ ರೂಢಿಯ ಊರೇ ಆಗಿತ್ತು. ಲಿಪ್ಸ್‌ಕೂಂಬ್, ಲೆನ್ನಿ ಮೂರ್‌ರಂಥ ಕಪ್ಪು ಆಟಗಾರರಿಗೆ ಬಿಳಿಯ ಗೆಳೆಯರು ಊಟ ಮಾಡುವ ಎಷ್ಟೋ ಹೋಟೆಲುಗಳ ಬಾಗಿಲು ಮುಚ್ಚಿತ್ತು. ಕಾಲೇಜಿನ ಹುಡುಗರು 1951ರಲ್ಲಿ ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ಒಂದು ನಗರ, ಒಂದು ಲೀಗ್ ಮಾಡಿ ಮುಗಿಸಲು ಇನ್ನೂ ಬಹಳ ವರ್ಷ ಹಿಡಿಯಿತು.

1958ರ ಡಿಸೆಂಬರ್ 28, ಭಾನುವಾರ. ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ಲೀಗ್‌ನ ಫೈನಲ್. ಬಾಲ್ಟಿಮೋರ್ ಎದುರು ನ್ಯೂಯಾರ್ಕ್ ಜೈಂಟ್ಸ್. ಜೈಂಟ್ಸ್‌ನ ದಾಳಿಗೆ ತರಬೇತಿ ಕೊಡುವವನು ವಿನ್ಸ್ ಲೊಂಬಾರ್ಡಿ, ರಕ್ಷಣೆಗೆ ಟಾಮ್ ಲ್ಯಾಂಡ್ರಿ. ಇಬ್ಬರೂ ಮುಂದೆ ದಂತಕಥೆಯಾದ ಕೋಚ್‌ಗಳು. ಅಂದು ಅಂಗಳದಲ್ಲಿದ್ದ ಆಟಗಾರರಲ್ಲಿ ಹನ್ನೆರಡು ಮಂದಿ ಮುಂದೆ ಈ ಆಟದ ಶ್ರೇಷ್ಠರ ಗೌರವಮಂದಿರವಾದ ಹಾಲ್ ಆಫ್ ಫೇಮ್ ಸೇರಿದರು. ಕ್ರೀಡಾಂಗಣದಲ್ಲಿ 64,185 ಜನ, ಎನ್‌ಬಿಸಿ ಟಿವಿಯ ಮುಂದೆ ಸುಮಾರು 4.5 ಕೋಟಿ ಜನ. ಪಂದ್ಯ ನಡೆಯುವ ಊರಿನಲ್ಲಿ ಪ್ರಸಾರ ಮಾಡಬಾರದೆಂಬ ನಿಯಮವಿದ್ದುದರಿಂದ ನ್ಯೂಯಾರ್ಕ್‌ನವರಿಗೆ ಮಾತ್ರ ಟಿವಿಯಲ್ಲಿ ಕಾಣಲಿಲ್ಲ.

ಮಧ್ಯಂತರಕ್ಕೆ ಕೋಲ್ಟ್ಸ್ 14-3ರಿಂದ ಮುಂದಿತ್ತು. ಮೂರನೇ ಭಾಗದಲ್ಲಿ ಜೈಂಟ್ಸ್‌ನ ರಕ್ಷಣೆ ಗೋಲಿನ ಗೆರೆಯ ಹತ್ತಿರ ಕೋಲ್ಟ್ಸ್ ಅನ್ನು ತಡೆದು ನಿಲ್ಲಿಸಿತು. ಅಲ್ಲಿಂದ ಪಂದ್ಯದ ಗಾಳಿ ತಿರುಗಿ ಕೊನೆಯ ಭಾಗದಲ್ಲಿ ಜೈಂಟ್ಸ್ 17-14ರಿಂದ ಮುಂದೆ ಹೋಯಿತು. ಉಳಿದದ್ದು ಎರಡೂವರೆ ನಿಮಿಷದಷ್ಟು ಆಟ. ಚೆಂಡು ಜೈಂಟ್ಸ್ ಕೈಯಲ್ಲಿ, ಅವರ 40 ಗಜದ ಗೆರೆಯ ಹತ್ತಿರ. ಮೂರನೇ ಯತ್ನ. ಬೇಕಾದದ್ದು ನಾಲ್ಕು ಗಜ. ಅಷ್ಟು ಸಾಗಿದರೆ ಹೊಸದಾಗಿ ನಾಲ್ಕು ಯತ್ನ ಸಿಕ್ಕಿ ಗಡಿಯಾರ ತೀರುವವರೆಗೆ ಚೆಂಡು ಹಿಡಿದುಕೊಳ್ಳಬಹುದು, ಪಂದ್ಯ ಮುಗಿದಂತೆ. ಚೆಂಡನ್ನು ಫ್ರ್ಯಾಂಕ್ ಗಿಫರ್ಡ್‌ಗೆ ಕೊಟ್ಟರು. ಗಿಫರ್ಡ್ ಬಲಕ್ಕೆ, ಅಂದರೆ ಮಾರ್ಕೆಟ್ಟಿ ನಿಂತಿದ್ದ ಕಡೆಗೇ ಓಡಿದ.

ಮಾರ್ಕೆಟ್ಟಿ ತನ್ನನ್ನು ತಡೆಯುತ್ತಿದ್ದವನಿಂದ ಬಿಡಿಸಿಕೊಂಡು ಗಿಫರ್ಡ್‌ನನ್ನು ಅಪ್ಪಿ ಕೆಡವಿದ. ಅದೇ ಹೊತ್ತಿಗೆ ಸಹಾಯಕ್ಕೆಂದು ಧಾವಿಸಿ ಬಂದ ಲಿಪ್ಸ್‌ಕೂಂಬ್ ಇಬ್ಬರ ಮೇಲೂ ಬಿದ್ದ. 130 ಕಿಲೊ ಮಾರ್ಕೆಟ್ಟಿಯ ಬಲಗಾಲ ಮೇಲೆ. ಪಾದದ ಕೀಲಿನ ಬಳಿ ಮೂಳೆ ಮುರಿಯಿತು. ರಾಶಿಯ ಅಡಿಯಿಂದ ಬಂದ ಚೀರಾಟದ ಗದ್ದಲದಲ್ಲಿ ರೆಫರಿ ಚೆಂಡನ್ನು ತಪ್ಪು ಜಾಗದಲ್ಲಿಟ್ಟ, ನಾನು ನಾಲ್ಕು ಗಜ ಮುಟ್ಟಿದ್ದೆ ಎಂದು ಗಿಫರ್ಡ್ ಬದುಕಿರುವವರೆಗೂ ವಾದಿಸಿದ. ರೆಫರಿ ಇಟ್ಟ ಚೆಂಡು ಅಳತೆಗೆ ಕೆಲವೇ ಅಂಗುಲ ಕಡಿಮೆ ಬಂತು. ಜೈಂಟ್ಸ್ ನಾಲ್ಕನೇ ಯತ್ನದಲ್ಲಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸಿದರು.

ಮಾರ್ಕೆಟ್ಟಿಯನ್ನು ಸ್ಟ್ರೆಚರ್ ಮೇಲೆ ಹೊತ್ತು ಡ್ರೆಸ್ಸಿಂಗ್ ರೂಮಿನ ಕಡೆ ನಡೆದರು. ಮೈದಾನದ ಅಂಚಿಗೆ ಬರುತ್ತಲೇ ಅವನು ಹಟ ಹಿಡಿದ. ಇಳಿಸಿ, ನಾನು ಆಟ ನೋಡಬೇಕು. ಇಳಿಸಿದರು. ಕಂಬಳಿ ಹೊದ್ದು, ಮೊಣಕೈ ಊರಿ ಎದ್ದು, ಮುರಿದ ಕಾಲಿನೊಂದಿಗೆ ಆ ಚಳಿಯಲ್ಲಿ ಅವನು ನೋಡುತ್ತಾ ಮಲಗಿದ. ಅಂದಿನ ಫೋಟೊಗಳಲ್ಲಿ ಇದೂ ಒಂದು, ಬಹಳ ಜನ ಅದನ್ನು ನೋಡಿದ್ದಾರೆ. ಕಾಲು ಮುರಿದವನ ಮುಖದಲ್ಲಿ ನೋವಿಗಿಂತ ಆತಂಕ ಹೆಚ್ಚು ಕಾಣುತ್ತದೆ.

ಅವನು ಕಂಡದ್ದು ಯುನೈಟಸ್‌ನ ಕೈಚಳಕ. ತಮ್ಮ 14 ಗಜದ ಗೆರೆಯಿಂದ, ಎರಡು ನಿಮಿಷಕ್ಕೂ ಕಡಿಮೆ ಸಮಯ ಇಟ್ಟುಕೊಂಡು ಕೋಲ್ಟ್ಸ್ ಹೊರಟರು. ಯುನೈಟಸ್ ಸಹ ಆಟಗಾರ ರೇಮಂಡ್ ಬೆರ್ರಿಗೆ ಒಂದರ ಹಿಂದೆ ಒಂದು ಮೂರು ಪಾಸ್ ಎಸೆದ. 25 ಗಜ, 15 ಗಜ, 22 ಗಜ. ಏಳು ಸೆಕೆಂಡು ಉಳಿದಿರುವಾಗ ಸ್ಟೀವ್ ಮಿಹ್ರಾ ಚೆಂಡನ್ನು ಕಂಬಗಳ ನಡುವೆ ಒದ್ದು 17-17 ಮಾಡಿದ. ಲೀಗ್‌ನ ಫೈನಲ್ ಒಂದು ಹೆಚ್ಚುವರಿ ಸಮಯಕ್ಕೆ ಹೋದದ್ದು ಅದೇ ಮೊದಲು. ಮೊದಲು ಅಂಕ ಗಳಿಸಿದವರು ಗೆದ್ದಂತೆ ಎಂಬ ನಿಯಮ ಎಷ್ಟೋ ಆಟಗಾರರಿಗೇ ಗೊತ್ತಿರಲಿಲ್ಲ.

ಜನ ಮೈದಾನದ ಅಂಚಿಗೆ ನುಗ್ಗತೊಡಗಿದಾಗ ಸ್ಟ್ರೆಚರ್ ಮೇಲಿನ ಮನುಷ್ಯ ತುಳಿತಕ್ಕೆ ಸಿಕ್ಕಿಯಾನೆಂದು ಅವನನ್ನು ಒಳಗೆ ಒಯ್ದರು. ಹಾಗಾಗಿ ಅತ್ಯುತ್ತಮ ಪಂದ್ಯವೆಂದು ಮುಂದೆ ಹೆಸರಾದ ಆಟದ ಕೊನೆಯನ್ನು, ಅದನ್ನು ಸಾಧ್ಯ ಮಾಡಿದ ಮಾರ್ಕೆಟ್ಟಿಯೇ ನೋಡಲಿಲ್ಲ. ಹೊರಗೆ ಜೈಂಟ್ಸ್ ಮೊದಲ ಅವಕಾಶ ಕಳೆದುಕೊಂಡಿತು. ಯುನೈಟಸ್ ಹದಿಮೂರು ಯತ್ನಗಳಲ್ಲಿ 80 ಗಜ ದಾಟಿಸಿದ. ನಡುವೆ ಟಿವಿಯ ಕೇಬಲ್ ಕಿತ್ತುಬಂದು ದೇಶದ ಪರದೆಗಳೆಲ್ಲ ಕಪ್ಪಾದವು. ಅಷ್ಟರಲ್ಲಿ ಯಾರೋ ಒಬ್ಬ ಮೈದಾನಕ್ಕೆ ನುಗ್ಗಿ ಓಡಾಡಿ ಆಟ ನಿಲ್ಲಿಸಿದ, ಕೇಬಲ್ ಜೋಡಿಸಲು ಸಮಯ ಸಿಕ್ಕಿತು. ಕೊನೆಗೆ ಒಂದು ಗಜದ ದೂರದಿಂದ ಆ್ಯಲನ್ ಅಮೀಚಿ ಚೆಂಡು ಅಪ್ಪಿಕೊಂಡು ಗೋಲಿನ ಗೆರೆಯಾಚೆ ಬಿದ್ದ. ಕೋಲ್ಟ್ಸ್ 23, ಜೈಂಟ್ಸ್ 17. ಡ್ರೆಸ್ಸಿಂಗ್ ರೂಮಿನಲ್ಲಿ ಒಬ್ಬನೇ ಮಲಗಿದ್ದ ಮಾರ್ಕೆಟ್ಟಿಗೆ ಫಲಿತಾಂಶ ತಿಳಿದದ್ದು ಗೆಳೆಯರು ಕೇಕೆ ಹಾಕುತ್ತಾ ಒಳಗೆ ಬಂದಾಗ. ಗೆದ್ದ ತಂಡದ ಒಬ್ಬೊಬ್ಬ ಆಟಗಾರನ ಪಾಲು 4,718 ಡಾಲರ್ ಚಿಲ್ಲರೆ.

ಆ ಪಂದ್ಯದಿಂದ ಟಿವಿ ಕಂಪನಿಗಳ ಕಣ್ಣು ತೆರೆಯಿತು. 1960ರಲ್ಲಿ ಎದುರು ಲೀಗ್ ಒಂದು ಆಟ ಶುರುಮಾಡಿತು. ಅದೇ ವರ್ಷ ಹಳೆಯ ಲೀಗ್‌ನ ಕಮಿಷನರ್ ಹುದ್ದೆಗೆ ಬಂದವನು ಪೀಟ್ ರೊಝೆಲ್, ಸ್ಯಾನ್ ಫ್ರಾನ್ಸಿಸ್ಕೊ ತಂಡದ ಸುದ್ದಿ ಬರೆಯುತ್ತಿದ್ದ ಅದೇ ಹುಡುಗ. 1962ರ ಋತುವಿನಿಂದ ಸಿಬಿಎಸ್ ವರ್ಷಕ್ಕೆ 46.5 ಲಕ್ಷ ಡಾಲರ್ ಕೊಟ್ಟು ಇಡೀ ಲೀಗ್‌ನ ಪ್ರಸಾರದ ಹಕ್ಕು ಕೊಂಡಿತು. ಇಂದು ಶತಕೋಟಿಗಳಲ್ಲಿ ನಡೆಯುವ ವ್ಯವಹಾರದ ಬೇರು ಅಲ್ಲಿದೆ. ಆದರೆ ಅದರ ಹಣ್ಣು ಮುರಿದ ಕಾಲಿನವರ ಪೀಳಿಗೆಗೆ ಸಿಗಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಲಿಪ್ಸ್‌ಕೂಂಬ್ 1963ರಲ್ಲಿ ಹೆರಾಯಿನ್ ಸೇವನೆಯಿಂದ ತೀರಿಕೊಂಡ, ವಯಸ್ಸು ಮೂವತ್ತೆರಡೂ ತುಂಬಿರಲಿಲ್ಲ.

ಮಾರ್ಕೆಟ್ಟಿಯ ಅದೃಷ್ಟ ಬೇರೆ. ತಂಡದ ಮಾಲೀಕ ಕ್ಯಾರಲ್ ರೋಸೆನ್‌ಬ್ಲೂಮ್ ಅವನ ಬೆನ್ನು ಬಿದ್ದಿದ್ದ. ಋತು ಮುಗಿದ ಕೂಡಲೇ ಕ್ಯಾಲಿಫೋರ್ನಿಯಾಕ್ಕೆ ಓಡಬೇಡ, ಬಾಲ್ಟಿಮೋರ್‌ನಲ್ಲಿ ನೆಲೆಸು, ನಿನ್ನ ಹೆಸರು ಇಲ್ಲಿ ದುಡ್ಡಾಗುತ್ತದೆ ಎಂದು. ಫೈನಲ್‌ನಲ್ಲಿ ಕೊನೆಯ ಅಂಕ ಗಳಿಸಿದ ಅಮೀಚಿಯೂ ಇಟಾಲಿಯನ್ ಮನೆತನದವನು. ಇಬ್ಬರೂ ಪಾಲುದಾರರೊಂದಿಗೆ ಸೇರಿ ಬಾಲ್ಟಿಮೋರ್ ಹೊರವಲಯದ ಡಂಡಾಕ್‌ನಲ್ಲಿ 'ಜೀನೋಸ್' ಹ್ಯಾಂಬರ್ಗರ್ ಅಂಗಡಿ ತೆರೆದರು. ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿ ಬರುವವರ ದಾರಿ ಅದು. ಅಂಗಡಿಗಳು ಪೂರ್ವ ಕರಾವಳಿಯುದ್ದಕ್ಕೂ ಬೆಳೆದು ಮುನ್ನೂರು ದಾಟಿದವು. 1982ರಲ್ಲಿ ಮ್ಯಾರಿಯಟ್ ಕಂಪನಿ ಅದನ್ನು ಸುಮಾರು 4.86 ಕೋಟಿ ಡಾಲರಿಗೆ ಕೊಂಡುಕೊಂಡಿತು. ಒಂದು ಕಾಲದ 'ಶತ್ರು ಪರಕೀಯ'ಳ ಮಗನ ಹೆಸರು ಮೇರಿಲ್ಯಾಂಡ್, ಪೆನ್ಸಿಲ್ವೇನಿಯಾದ ಊರೂರುಗಳಲ್ಲಿ ಬೋರ್ಡಿನ ಮೇಲೆ ದೀಪದಲ್ಲಿ ಹೊಳೆಯಿತು.

ಮುರಿದ ಕಾಲು ಕೂಡಿತು. 1959ರಲ್ಲಿ ಕೋಲ್ಟ್ಸ್ ಮತ್ತೆ ಜೈಂಟ್ಸ್ ತಂಡವನ್ನೇ 31-16ರಿಂದ ಸೋಲಿಸಿ ಪ್ರಶಸ್ತಿ ಉಳಿಸಿಕೊಂಡಿತು. ವರ್ಷದ ಶ್ರೇಷ್ಠರು ಆಡುವ ಪ್ರೊ ಬೋಲ್‌ಗೆ ಮಾರ್ಕೆಟ್ಟಿ ಆಯ್ಕೆಯಾದದ್ದು ಒಟ್ಟು 11 ಸಲ. 1963ಕ್ಕೆ ಹೊಸ ಕೋಚ್ ಬೇಕಾದಾಗ ರೋಸೆನ್‌ಬ್ಲೂಮ್ ಕೇಳಿದ್ದು ಇವನನ್ನೇ. ಹಿಂದೆ ತನ್ನ ಜೊತೆ ಆಡಿದ್ದ, ಆಗ 33 ವರ್ಷದ ಡಾನ್ ಶೂಲಾ ಹೆಸರನ್ನು ಇವನು ಹೇಳಿದ. ಆ ಶೂಲಾ ಮುಂದೆ ಲೀಗ್‌ನ ಚರಿತ್ರೆಯಲ್ಲೇ ಅತಿ ಹೆಚ್ಚು ಪಂದ್ಯ ಗೆದ್ದ ಕೋಚ್ ಆದ. 1964ರ ಫೈನಲ್‌ನಲ್ಲಿ ಕ್ಲೀವ್‌ಲ್ಯಾಂಡ್ ಎದುರು 27-0 ಸೋಲಿನೊಂದಿಗೆ ಮಾರ್ಕೆಟ್ಟಿ ನಿವೃತ್ತನಾದ. 1966ರಲ್ಲಿ ಗಾಯಾಳುಗಳಿಂದ ತಂಡ ಸೊರಗಿದಾಗ ಕರೆದರೆಂದು ಬಂದು ಕೆಲವು ಪಂದ್ಯ ಆಡಿ ಹೋದ, ನಲವತ್ತರ ವಯಸ್ಸಿನಲ್ಲಿ. ಲೀಗ್‌ಗೆ ಐವತ್ತು ವರ್ಷವಾದಾಗ ಆ ಅರ್ಧ ಶತಮಾನದ ಅತ್ಯುತ್ತಮ ಡಿಫೆನ್ಸಿವ್ ಎಂಡ್ ಎಂದು ಇವನನ್ನೇ ಆರಿಸಿದರು. 2019ರ ಏಪ್ರಿಲ್ 29ರಂದು ತೊಂಬತ್ಮೂರನೇ ವಯಸ್ಸಿನಲ್ಲಿ ತೀರಿಕೊಂಡ. ಅದೇ ವರ್ಷದ ಕೊನೆಗೆ ಬಂದ ನೂರು ವರ್ಷಗಳ ಶ್ರೇಷ್ಠರ ಪಟ್ಟಿಯಲ್ಲೂ ಅವನ ಹೆಸರಿತ್ತು.

ಮಯಾಮಿಗೆ ಹೋಗದ ಹುಡುಗರಲ್ಲಿ ಉಳಿದವರ ಕಥೆಯನ್ನೂ ಹೇಳಬೇಕು. 1972ರಲ್ಲಿ ಒಹಾಯೊದ ಕ್ಯಾಂಟನ್‌ನಲ್ಲಿ ಮಾರ್ಕೆಟ್ಟಿ ಹಾಲ್ ಆಫ್ ಫೇಮ್ ಸೇರಿದಾಗ ಜೊತೆಗೇ ಸೇರಿದವರಲ್ಲಿ ಓಲಿ ಮ್ಯಾಟ್ಸನ್ ಒಬ್ಬ. ಸೇಂಟ್ ಕ್ಲೇರ್ 1990ರಲ್ಲಿ ಬಂದ. ಒಂದೇ ಕಾಲೇಜು ತಂಡದ ಮೂವರು. ಬರ್ಲ್ ಟೋಲರ್‌ಗೆ ಆ ಭಾಗ್ಯವಿರಲಿಲ್ಲ. 1952ರ ಬೇಸಿಗೆಯಲ್ಲೇ ಮೊಣಕಾಲು ಮುರಿದು, ವೃತ್ತಿಪರ ಲೀಗ್‌ನ ಒಂದು ಪಂದ್ಯವನ್ನೂ ಆಡಲಾರದೆ ಹೋದ. ಶಾಲೆಯಲ್ಲಿ ಮೇಷ್ಟ್ರಾದ, ಮುಖ್ಯೋಪಾಧ್ಯಾಯನಾದ. 1965ರಲ್ಲಿ ಲೀಗ್ ಅವನನ್ನು ಪಂದ್ಯದ ಅಧಿಕಾರಿಯಾಗಿ ನೇಮಿಸಿಕೊಂಡಿತು. ಆ ಕೆಲಸಕ್ಕೆ ಬಂದ ಮೊದಲ ಕಪ್ಪು ಮನುಷ್ಯ ಅವನು. 1980ರ ಜನವರಿಯಲ್ಲಿ ಲೀಗ್‌ನ ಫೈನಲ್ ಆದ ಹದಿನಾಲ್ಕನೇ ಸೂಪರ್ ಬೋಲ್ ನಡೆದದ್ದು ಪ್ಯಾಸಡೀನಾದ ರೋಸ್ ಬೋಲ್‌ನಲ್ಲಿ, 1951ರ ತಂಡ ತನ್ನ ಕೊನೆಯ ಪಂದ್ಯ ಆಡಿ ಗೆದ್ದ ಅದೇ ಕ್ರೀಡಾಂಗಣದಲ್ಲಿ. ಕಪ್ಪು ಬಿಳಿ ಪಟ್ಟೆಯ ಅಂಗಿ ತೊಟ್ಟು ಸಾಲಿನ ಗೆರೆ ಕಾಯುವ ಹೆಡ್ ಲೈನ್ಸ್‌ಮನ್ ಆಗಿ ಟೋಲರ್ ಅಂದು ಮೈದಾನದಲ್ಲಿದ್ದ.